ಡ್ಯಾಂನ ಒಂದು ಚೈನ್ ತುಂಡಾದರೆ ಊರು ಮುಳುಗುತ್ತದೆಯೇ? ಫಾರ್ವರ್ಡ್ ಮಾಡುವ ಮೊದಲು ಈ ಲೆಕ್ಕ ನೋಡಿ

ಮಳೆಗಾಲದಲ್ಲಿ ನಾಲ್ಕು ದಿನ ಜೋರು ಮಳೆಯಾದರೆ ಸಾಕು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. 'ಡ್ಯಾಂ ಒಡೆದಿದೆ, ಕೂಡಲೇ ಊರು ಬಿಡಿ, ಎಲ್ಲರಿಗೂ ತಿಳಿಸಿ' ಎನ್ನುವುದು ಒಂದು. 'ಒಂದು ಗೇಟ್ ಕೆಟ್ಟರೆ ಏನಾಯ್ತು, ಉಳಿದ ಗೇಟ್‌ಗಳಿವೆಯಲ್ಲ, ಹೆದರಬೇಡಿ' ಎನ್ನುವುದು ಇನ್ನೊಂದು. ಮಂಚನಬೆಲೆ, ಕಣ್ವ, ಇಗ್ಗಲೂರು, ಹಾರೋಬೆಲೆ ಜಲಾಶಯಗಳ ಕೆಳಗೆ ಮನೆ, ತೋಟ, ರೇಷ್ಮೆ ಹುಳು ಮನೆ ಇರುವ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯವರಿಗೆ ಇದು ತಮಾಷೆಯ ವಿಷಯವಲ್ಲ. ಯಾವುದನ್ನು ನಂಬಬೇಕು?

ನಿಜ ಹೇಳಬೇಕೆಂದರೆ ಎರಡೂ ತಪ್ಪು ದಾರಿ ಹಿಡಿಸುತ್ತವೆ. ಯಾಕೆ ಎಂದು ತಿಳಿಯಲು ಎಂಜಿನಿಯರುಗಳು ಬಳಸುವ ಒಂದು ಲೆಕ್ಕದ ವಿಧಾನ ಗೊತ್ತಿದ್ದರೆ ಸಾಕು. ವಿಮಾನ, ಅಣುಸ್ಥಾವರ, ರೈಲು ಸಿಗ್ನಲ್, ಅಣೆಕಟ್ಟು, ಹೀಗೆ ಕೆಟ್ಟರೆ ಜೀವ ಹೋಗುವಂಥ ಎಲ್ಲ ವ್ಯವಸ್ಥೆಗಳಲ್ಲೂ ಇದನ್ನೇ ಬಳಸುತ್ತಾರೆ. ಯಾವ ಭಾಗ ಕೆಡಬಹುದು, ಹೇಗೆ ಕೆಡಬಹುದು, ಅದರ ಜೊತೆಗೆ ಮತ್ತೇನು ಕೆಡಬಹುದು ಎಂದು ಕೆಡುವ ಮೊದಲೇ ಕೂತು ಲೆಕ್ಕ ಹಾಕುವುದು.

ಚಿಕ್ಕದಾಗಿ ಹೇಳುವುದಾದರೆ

- ಒಂದು ಗೇಟ್ ಕಳಚಿ ಹೋಗುವುದು ಮತ್ತು ಅಣೆಕಟ್ಟು ಒಡೆಯುವುದು ಬೇರೆ ಬೇರೆ.
- ಗೇಟ್ ಕಳಚಿ ಹೋಗುವುದಕ್ಕಿಂತ, ತೆರೆಯಬೇಕಾದಾಗ ತೆರೆಯದೇ ಇರುವುದು ಅಣೆಕಟ್ಟಿಗೆ ಹೆಚ್ಚು ಅಪಾಯ.
- 'ಬದಲಿ ಇದೆ' ಎಂದರೆ ಸಾಲದು. ಮೊದಲನೆಯದನ್ನು ಕೆಡಿಸಿದ ಕಾರಣವೇ ಬದಲಿಯನ್ನೂ ಕೆಡಿಸಬಾರದು.

2024ರ ಆಗಸ್ಟ್ 10ರ ರಾತ್ರಿ ಆಗಿದ್ದೇನು?

ಹೊಸಪೇಟೆಯ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣವಾಯಿತು. ಅದಕ್ಕೆ 33 ಕ್ರೆಸ್ಟ್ ಗೇಟ್‌ಗಳು. ಒಂದೊಂದೂ ಸುಮಾರು 60 ಅಡಿ ಅಗಲ, 20 ಅಡಿ ಎತ್ತರ. 2024ರ ಆಗಸ್ಟ್ 10ರ ರಾತ್ರಿ ಜಲಾಶಯ ತುಂಬಿದ್ದಾಗ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಉಳಿದ ಗೇಟ್‌ಗಳನ್ನೂ ತೆರೆದು ನೀರಿನ ಮಟ್ಟ ಇಳಿಸಲಾಯಿತು. ನದಿ ದಂಡೆಯ ಊರುಗಳಿಗೆ ಎಚ್ಚರಿಕೆ ಹೋಯಿತು.

ಖಾಲಿಯಾದ ಜಾಗವನ್ನು ತಾತ್ಕಾಲಿಕವಾಗಿ ಮುಚ್ಚಲು 'ಸ್ಟಾಪ್‌ಲಾಗ್' ಎಂಬ ಉಕ್ಕಿನ ಅಡ್ಡ ಹಲಗೆಗಳು ಬೇಕು. ಅವು ಕೈಗೆ ಸಿದ್ಧವಾಗಿ ಇರಲಿಲ್ಲ, ತುರ್ತಾಗಿ ಮಾಡಿಸಬೇಕಾಯಿತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಹರಿಯುತ್ತಿರುವಾಗಲೇ ಒಂದೊಂದಾಗಿ ಐದು ಹಲಗೆಗಳನ್ನು ಇಳಿಸಿ ಆಗಸ್ಟ್ 17ರ ಹೊತ್ತಿಗೆ ಕೆಲಸ ಮುಗಿಸಿದರು. ನಂತರ ನಡೆದ ತಜ್ಞರ ಪರಿಶೀಲನೆಯಲ್ಲಿ ಎಲ್ಲ 33 ಗೇಟ್‌ಗಳನ್ನೂ ಬದಲಿಸಬೇಕೆಂಬ ಸಲಹೆ ಬಂತು. ಸುಮಾರು 105 ಟಿಎಂಸಿ ಹಿಡಿಯುವ ಜಲಾಶಯದಲ್ಲಿ 2025ರ ಮಳೆಗಾಲದಲ್ಲಿ ಸುಮಾರು 80 ಟಿಎಂಸಿ ಮಾತ್ರ ನಿಲ್ಲಿಸುವ ತೀರ್ಮಾನವಾಯಿತು.

ಒಂದು ಚೈನಿನ ಕೊಂಡಿ ತುಂಡಾಗಿದ್ದಕ್ಕೆ ಕರ್ನಾಟಕ, ಆಂಧ್ರ, ತೆಲಂಗಾಣದ ರೈತರ ಬೆಳೆಯ ನೀರು ನದಿ ಪಾಲಾಯಿತು. ಆದರೆ ಅಣೆಕಟ್ಟು ಒಡೆಯಲಿಲ್ಲ.

ಗೇಟ್ ಹೋದರೆ ಎಷ್ಟು ನೀರು ಬರುತ್ತದೆ?

ತುಂಗಭದ್ರಾ ಅಣೆಕಟ್ಟಿನ ಎಲ್ಲ 33 ಗೇಟ್‌ಗಳಿಂದ ಒಟ್ಟಿಗೆ 6,50,000 ಕ್ಯೂಸೆಕ್ ನೀರು ಬಿಡಬಹುದು ಎಂದು ವಿನ್ಯಾಸ ಮಾಡಿದ್ದಾರೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್. 33ರಿಂದ ಭಾಗಿಸಿದರೆ ಒಂದು ಗೇಟಿನ ಪಾಲು ಸುಮಾರು 20,000 ಕ್ಯೂಸೆಕ್.

ಗೇಟ್ ಕೊಚ್ಚಿಹೋಗುವುದು ಎಂದರೆ, ಆ ಒಂದು ಗೇಟನ್ನು ಯಾರೂ ಹೇಳದೆ ಪೂರ್ತಿ ತೆರೆದ ಹಾಗೆ. ಅದರ ಕಿಂಡಿ ಎಷ್ಟು ದೊಡ್ಡದೋ ಅಷ್ಟೇ ನೀರು ಬರುತ್ತದೆ. ಇಡೀ ಜಲಾಶಯ ಒಮ್ಮೆಲೇ ಮೈಮೇಲೆ ಬೀಳುವುದಿಲ್ಲ. ಹಾಗೆ ಬೀಳಬೇಕೆಂದರೆ ಗೋಡೆ ಒಡೆಯಬೇಕು ಅಥವಾ ಮಣ್ಣಿನ ಏರಿ ಕೊಚ್ಚಿಹೋಗಬೇಕು.

ಹಾಗೆಂದು ಇದು ಸಣ್ಣ ವಿಷಯವೂ ಅಲ್ಲ. ದಿನವಿಡೀ 20,000 ಕ್ಯೂಸೆಕ್ ಹರಿದರೆ ಸುಮಾರು 1.7 ಟಿಎಂಸಿ ಆಗುತ್ತದೆ. ಮಾಗಡಿ ತಾಲ್ಲೂಕಿನ ಮಂಚನಬೆಲೆ ಜಲಾಶಯ ಪೂರ್ತಿ ತುಂಬಿದರೂ ಹಿಡಿಯುವುದು ಸುಮಾರು 1.2 ಟಿಎಂಸಿ! ಎಚ್ಚರಿಕೆ ಇಲ್ಲದೆ ಇಷ್ಟು ನೀರು ಬಂದರೆ ಹೊಳೆಯಲ್ಲಿ ಬಟ್ಟೆ ಒಗೆಯುವವರು, ಮೀನು ಹಿಡಿಯುವವರು, ಪಂಪ್‌ಸೆಟ್ ನೋಡಲು ಇಳಿದವರು ಅಪಾಯಕ್ಕೆ ಸಿಗುತ್ತಾರೆ.

ನೀರಿನ ಮಟ್ಟ ಇಳಿಸಿದ್ದು ಯಾಕೆ ಎಂಬುದಕ್ಕೂ ಲೆಕ್ಕವಿದೆ. 60 ಅಡಿ ಅಗಲದ ಗೇಟಿನ ಹಿಂದೆ 20 ಅಡಿ ನೀರು ನಿಂತರೆ ಅದನ್ನು ತಳ್ಳುವ ಬಲ ಸುಮಾರು 340 ಟನ್. ನೀರು 10 ಅಡಿಗೆ ಇಳಿದರೆ ಅದು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಅಂದರೆ ಸುಮಾರು 85 ಟನ್. ಈ ಬಲ ಬೀಳುವುದು ಚೈನಿನ ಮೇಲಲ್ಲ, ಗೇಟಿನ ಅಕ್ಕಪಕ್ಕದ ಕಂಬಗಳ ಮೇಲೆ. ಆದರೆ ಬಲ ಹೆಚ್ಚಿದಷ್ಟೂ ಗೇಟ್ ಮೇಲೆತ್ತುವಾಗ ತಿಕ್ಕಾಟ ಹೆಚ್ಚುತ್ತದೆ, ಆ ಭಾರ ಚೈನಿಗೆ ಬರುತ್ತದೆ. ಹಳೆಯ ಗೇಟ್‌ಗಳಿರುವ ಕಡೆ ಜಲಾಶಯವನ್ನು ಪೂರ್ತಿ ತುಂಬಿಸದೇ ಇಡುವುದು ಇದಕ್ಕಾಗಿಯೇ.

ಇದು 'ಅಪರೂಪದ ಘಟನೆ'ಯೇ?

ಇಂಥದ್ದು ಆದಾಗ 'ಇದು ಅಪರೂಪ' ಎಂಬ ಮಾತು ಬರುವುದು ಸಹಜ. ಎಷ್ಟು ಅಪರೂಪ ಎಂದು ಒಂದು ಉದಾಹರಣೆ ಲೆಕ್ಕ ಹಾಕೋಣ. ಇಲ್ಲಿರುವ ಸಂಖ್ಯೆ ಲೆಕ್ಕ ತೋರಿಸಲು ನಾವು ಇಟ್ಟುಕೊಂಡಿದ್ದು, ತುಂಗಭದ್ರೆಯ ಅಳತೆಯಲ್ಲ.

ಒಂದು ಗೇಟ್ ಒಂದು ವರ್ಷದಲ್ಲಿ ಕೈಕೊಡುವ ಸಾಧ್ಯತೆ ಸಾವಿರದಲ್ಲಿ ಒಂದು ಎನ್ನೋಣ. ಕೇಳಲು ತುಂಬಾ ಕಡಿಮೆ. ಆದರೆ ಗೇಟ್‌ಗಳು 33. ಯಾವುದಾದರೂ ಒಂದು ಕೆಡುವ ಸಾಧ್ಯತೆ ವರ್ಷಕ್ಕೆ ನೂರರಲ್ಲಿ 3ಕ್ಕೂ ಸ್ವಲ್ಪ ಹೆಚ್ಚು. ಇನ್ನು ಆ ಅಣೆಕಟ್ಟು 70 ವರ್ಷ ನಿಂತಿದೆ ಎಂದರೆ? ಆ ಅವಧಿಯಲ್ಲಿ ಒಮ್ಮೆಯಾದರೂ ಒಂದು ಗೇಟ್ ಕೆಡುವ ಸಾಧ್ಯತೆ ನೂರಕ್ಕೆ 90!

ಒಂದು ಗೇಟಿನ ಕಡೆಯಿಂದ ನೋಡಿದರೆ ಅಪರೂಪ. ಇಡೀ ಅಣೆಕಟ್ಟಿನ ಕಡೆಯಿಂದ ನೋಡಿದರೆ ಬಹುತೇಕ ಖಚಿತ. ಆದ್ದರಿಂದ ಎಂಜಿನಿಯರುಗಳು 'ಗೇಟ್ ಕೆಡುತ್ತದೆಯೇ' ಎಂದು ಕೇಳುತ್ತಾ ಕೂರುವುದಿಲ್ಲ. 'ಕೆಟ್ಟ ದಿನ ಏನು ಮಾಡುತ್ತೇವೆ' ಎಂದು ಕೇಳುತ್ತಾರೆ. ಸ್ಟಾಪ್‌ಲಾಗ್ ಗೋದಾಮಿನಲ್ಲಿ ಸಿದ್ಧವಿರಬೇಕು ಎನ್ನುವುದು ಈ ಪ್ರಶ್ನೆಯಿಂದ ಬರುವ ಉತ್ತರ.

ಈ ಲೆಕ್ಕದಲ್ಲಿ ಒಂದು ಸಡಿಲ ಇದೆ. ಮೊದಲ ವರ್ಷದ ಚೈನೂ ಎಪ್ಪತ್ತನೇ ವರ್ಷದ ಚೈನೂ ಒಂದೇ ಎಂದು ಅದು ಭಾವಿಸುತ್ತದೆ. ಹಾಗಿರುವುದಿಲ್ಲ. ತುಕ್ಕು, ಸವೆತ, ಮತ್ತೆ ಮತ್ತೆ ಎಳೆದು ಬಿಡುವುದರಿಂದ ಲೋಹಕ್ಕಾಗುವ ದಣಿವು ಎಲ್ಲ ಸೇರುತ್ತವೆ. ನಮ್ಮ ಬೈಕ್ ಚೈನನ್ನೇ ನೋಡಿ. ಹೊಸದರಲ್ಲಿ ಜೋಡಣೆಯ ತೊಂದರೆ ಬಂದರೆ ಬರಬಹುದು, ಮಧ್ಯದ ವರ್ಷಗಳಲ್ಲಿ ತಂಟೆ ಇಲ್ಲ, ಹಳತಾದ ಮೇಲೆ ದಿನಕ್ಕೊಂದು ರಗಳೆ. ಇದನ್ನು ಗೆರೆಯಾಗಿ ಬರೆದರೆ ಸ್ನಾನದ ತೊಟ್ಟಿಯ ಆಕಾರ ಬರುತ್ತದೆ. ಎರಡು ತುದಿಯಲ್ಲಿ ಎತ್ತರ, ನಡುವೆ ಸಮತಟ್ಟು. ಎಂಜಿನಿಯರುಗಳು ಇದನ್ನು 'ಬಾತ್‌ಟಬ್ ರೇಖೆ' ಎಂದೇ ಕರೆಯುತ್ತಾರೆ. ಎಪ್ಪತ್ತು ವರ್ಷದ ಗೇಟ್ ಆ ತೊಟ್ಟಿಯ ಕೊನೆಯ ಏರಿನಲ್ಲಿದೆ.

ಮುನ್ಸೂಚನೆಯೂ ಪಕ್ಕದಲ್ಲೇ ಇತ್ತು. 2022ರ ಸೆಪ್ಟೆಂಬರ್ 21ರ ನಸುಕಿನಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯ ಪರಂಬಿಕುಳಂ ಅಣೆಕಟ್ಟಿನಲ್ಲಿ ಸರಪಳಿ ತುಂಡಾಗಿ ಮೂರು ಗೇಟ್‌ಗಳಲ್ಲಿ ನಡುವಿನದು ಕಿತ್ತುಹೋಗಿತ್ತು. ಅಲ್ಲಿಂದ ಎರಡು ವರ್ಷ ತುಂಬುವ ಮೊದಲೇ ಹೊಸಪೇಟೆಯಲ್ಲಿ ಅದೇ ಕಥೆ.

ಕೆಡುವುದರಲ್ಲೂ ಎರಡು ಬಗೆ

ರಾಮನಗರ, ಚನ್ನಪಟ್ಟಣದ ಮೇಲೆ ಓಡಾಡುವ ಬೆಂಗಳೂರು–ಮೈಸೂರು ರೈಲುಗಳ ಸಿಗ್ನಲ್ ನೋಡಿದ್ದೀರಿ. ಅದರ ವ್ಯವಸ್ಥೆಯಲ್ಲಿ ತಂತಿ ತುಂಡಾದರೆ ಅಥವಾ ರಿಲೇ ಕೆಟ್ಟರೆ ಸಿಗ್ನಲ್ 'ನಿಲ್ಲು' ಎಂಬ ಕಡೆಗೆ ಹೋಗುವಂತೆ ಮಾಡಿರುತ್ತಾರೆ. ರೈಲು ತಡವಾಗುತ್ತದೆ, ಜನ ಬೈಯುತ್ತಾರೆ, ಆದರೆ ಡಿಕ್ಕಿ ತಪ್ಪುತ್ತದೆ. ಕೆಟ್ಟರೂ ಸುರಕ್ಷಿತ ಕಡೆಗೇ ಬೀಳಬೇಕು ಎನ್ನುವ ಈ ತತ್ವಕ್ಕೆ 'ಫೇಲ್‌ಸೇಫ್' ಎನ್ನುತ್ತಾರೆ.

ಅಣೆಕಟ್ಟಿನ ಗೇಟಿಗೆ ಅಂಥ ಸುಲಭವಾದ ಸುರಕ್ಷಿತ ಕಡೆ ಇಲ್ಲ. ಗೇಟ್ ಎರಡು ಬಗೆಯಲ್ಲಿ ಕೆಡಬಹುದು.

- ತೆರೆದು ಕೆಡುವುದು: ಗೇಟ್ ಕಳಚಿ ಹೋಗುತ್ತದೆ ಅಥವಾ ಮುಚ್ಚುವುದಿಲ್ಲ. ನೀರು ಪೋಲಾಗುತ್ತದೆ, ಕೆಳಗಿನವರಿಗೆ ದಿಢೀರ್ ಪ್ರವಾಹ. ಅಣೆಕಟ್ಟಿನ ಮೇಲಿನ ಒತ್ತಡ ಮಾತ್ರ ಇಳಿಯುತ್ತದೆ.
- ಮುಚ್ಚಿಕೊಂಡು ಕೆಡುವುದು: ಪ್ರವಾಹ ಬಂದಾಗ ಗೇಟ್ ಏಳುವುದಿಲ್ಲ. ನೀರು ಏರುತ್ತಲೇ ಹೋಗುತ್ತದೆ. ಅಣೆಕಟ್ಟಿನ ನೆತ್ತಿ ದಾಟಿ ಹರಿದರೆ ಮಣ್ಣಿನ ಏರಿ ಗಂಟೆಗಳಲ್ಲಿ ಕೊರೆದುಹೋಗಬಹುದು.

ತುಂಗಭದ್ರೆಯಲ್ಲಿ ಆಗಿದ್ದು ಮೊದಲನೆಯದು. ಫೋಟೊ, ವಿಡಿಯೊ ಹರಿದಾಡುವುದು ಇದರದ್ದೇ, ಏಕೆಂದರೆ ನೋಡಲು ಭಯಂಕರ. ಎರಡನೆಯದರಲ್ಲಿ ಮೊದಮೊದಲು ನೋಡಲು ಏನೂ ಇರುವುದಿಲ್ಲ. ಗೇಟ್ ಸುಮ್ಮನೆ ಮುಚ್ಚಿಕೊಂಡಿರುತ್ತದೆ. ಆದರೆ ಊರು ಕೊಚ್ಚಿಹೋಗುವ ದಾರಿ ಅದೇ.

ಕೆಡುಕಿನ ಮರ: ಹಿಂದಿನಿಂದ ಲೆಕ್ಕ

1962ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಿನಿಟ್‌ಮ್ಯಾನ್ ಕ್ಷಿಪಣಿಯ ಉಡಾವಣಾ ವ್ಯವಸ್ಥೆಗಾಗಿ ಒಂದು ವಿಧಾನ ಹುಟ್ಟಿತು. ಕ್ಷಿಪಣಿ ತಾನಾಗಿ ಹಾರಿಬಿಟ್ಟರೆ ಗತಿಯೇನು ಎಂಬುದು ಆಗಿನ ಚಿಂತೆ. ಮೊದಲು ಆಗಬಾರದ ಘಟನೆಯನ್ನು ಕಾಗದದ ನೆತ್ತಿಯಲ್ಲಿ ಬರೆಯುತ್ತಾರೆ. ಅದು ಆಗಬೇಕಾದರೆ ಏನೇನು ಕೆಡಬೇಕು ಎಂದು ಕೆಳಗೆ ಕೊಂಬೆ ಕೊಂಬೆಯಾಗಿ ಬಿಡಿಸುತ್ತಾರೆ. ಇದಕ್ಕೆ 'ಫಾಲ್ಟ್ ಟ್ರೀ', ಕನ್ನಡದಲ್ಲಿ 'ಕೆಡುಕಿನ ಮರ' ಎನ್ನಬಹುದು.

ನಮ್ಮ ಉದಾಹರಣೆಗೆ ಮೇಲೆ ಬರೆಯೋಣ: 'ಪ್ರವಾಹ ಬಂದಾಗ ಗೇಟ್ ತೆರೆಯಲಿಲ್ಲ'. ಇದು ಆಗಬೇಕಾದರೆ ಕೆಳಗಿನವುಗಳಲ್ಲಿ ಯಾವುದಾದರೂ ಒಂದು ಸಾಕು:

- ಚೈನ್ ಅಥವಾ ಹಗ್ಗ ತುಂಡಾಗಿದೆ
- ತುಕ್ಕು, ಹೂಳು, ಮರದ ದಿಮ್ಮಿಯಿಂದ ಗೇಟ್ ಸಿಕ್ಕಿಕೊಂಡಿದೆ
- ಗೇಟ್ ಎತ್ತಲು ಶಕ್ತಿ ಇಲ್ಲ
- ತೆರೆಯಬೇಕು ಎಂಬ ಸೂಚನೆ ಸ್ಥಳದಲ್ಲಿದ್ದವರಿಗೆ ತಲುಪಿಲ್ಲ

ಇವುಗಳಲ್ಲಿ 'ಶಕ್ತಿ ಇಲ್ಲ' ಎನ್ನುವುದು ಆಗಬೇಕಾದರೆ ಮಾತ್ರ ಕೆಳಗಿನ ಎಲ್ಲವೂ ಒಟ್ಟಿಗೆ ಕೆಡಬೇಕು:

- ಕರೆಂಟ್ ಇಲ್ಲ
- ಜನರೇಟರ್ ಚಾಲೂ ಆಗುತ್ತಿಲ್ಲ
- ಕೈಯಿಂದ ತಿರುಗಿಸುವ ವ್ಯವಸ್ಥೆಯೂ ಕೆಲಸ ಮಾಡುತ್ತಿಲ್ಲ

'ಯಾವುದಾದರೂ ಒಂದು' ಎಂಬಲ್ಲಿ ಸಾಧ್ಯತೆಗಳು ಕೂಡುತ್ತವೆ, ಅಪಾಯ ಬೆಳೆಯುತ್ತದೆ. 'ಎಲ್ಲವೂ' ಎಂಬಲ್ಲಿ ಸಾಧ್ಯತೆಗಳು ಗುಣಿಸುತ್ತವೆ, ಅಪಾಯ ಕುಗ್ಗುತ್ತದೆ. ಮರ ಬರೆದ ಕೂಡಲೇ ದುರ್ಬಲ ಜಾಗ ಕಣ್ಣಿಗೆ ಬೀಳುತ್ತದೆ. ಶಕ್ತಿಗೆ ಮೂರು ದಾರಿ ಇವೆ, ಚೈನಿಗೆ ಬದಲಿಯೇ ಇಲ್ಲ. ಹಾಗಾದರೆ ತಪಾಸಣೆಯ ಹಣ, ಸಮಯ ಮೊದಲು ಎಲ್ಲಿಗೆ ಹೋಗಬೇಕು? ಉತ್ತರ ಮರದಲ್ಲೇ ಇದೆ.

'ಬದಲಿ ಇದೆಯಲ್ಲ' ಎಂಬ ಮಾತಿನ ತಪ್ಪು

ಗುಣಿಸುವ ಲೆಕ್ಕ ಬಹಳ ಸಮಾಧಾನ ಕೊಡುತ್ತದೆ. ಎರಡು ಯಂತ್ರ, ಒಂದೊಂದೂ ಕೈಕೊಡುವ ಸಾಧ್ಯತೆ ಸಾವಿರದಲ್ಲಿ ಒಂದು. ಎರಡೂ ಒಟ್ಟಿಗೆ ಕೈಕೊಡುವುದು ಹತ್ತು ಲಕ್ಷದಲ್ಲಿ ಒಂದು. ನಿಶ್ಚಿಂತೆಯಿಂದ ಮಲಗಬಹುದು, ಅಲ್ಲವೇ?

ಇಲ್ಲ. ಒಂದು ಕೆಟ್ಟಿದ್ದಕ್ಕೂ ಇನ್ನೊಂದು ಕೆಟ್ಟಿದ್ದಕ್ಕೂ ಸಂಬಂಧವೇ ಇಲ್ಲದಿದ್ದರೆ ಮಾತ್ರ ಈ ಲೆಕ್ಕ ಸರಿ. ಒಂದು ಯಂತ್ರ ಕೆಡುವ ಹತ್ತು ಸಲದಲ್ಲಿ ಒಂದು ಸಲ ಎರಡನ್ನೂ ಕೆಡಿಸುವ ಒಂದೇ ಕಾರಣ ಇದ್ದರೆ ಸಾಕು. ಆಗ ಎರಡೂ ಕೆಡುವ ಸಾಧ್ಯತೆ ಹತ್ತು ಲಕ್ಷದಲ್ಲಿ ಒಂದರಿಂದ ಹತ್ತು ಸಾವಿರದಲ್ಲಿ ಒಂದಕ್ಕೆ ಏರುತ್ತದೆ. ನೂರು ಪಟ್ಟು ಹೆಚ್ಚು. ಇದಕ್ಕೆ 'ಸಮಾನ ಕಾರಣದ ವೈಫಲ್ಯ' ಎನ್ನುತ್ತಾರೆ.

ಅಡುಗೆಮನೆಯಲ್ಲಿ ಇದನ್ನು ದಿನವೂ ನೋಡುತ್ತೇವೆ. ಪ್ರೆಷರ್ ಕುಕ್ಕರ್‌ಗೆ ಎರಡು ರಕ್ಷಣೆ. ಒತ್ತಡ ಹೆಚ್ಚಾದರೆ ವಿಷಲ್ ಎದ್ದು ಉಗಿ ಬಿಡುತ್ತದೆ. ವಿಷಲ್ ನಳಿಕೆ ಕಟ್ಟಿಕೊಂಡರೆ ಸೇಫ್ಟಿ ವಾಲ್ವ್ ಒಡೆದು ಉಗಿ ಹೊರಹಾಕುತ್ತದೆ. ಎರಡು ಬೇರೆ ಬೇರೆ ಭಾಗಗಳು. ಆದರೆ ನಳಿಕೆಯಲ್ಲಿ ಬೇಳೆ ಸಿಕ್ಕಿದರೂ ತೊಳೆಯದ ಮನೆಯಲ್ಲೇ ಸೇಫ್ಟಿ ವಾಲ್ವ್ ಕೂಡ ವರ್ಷಗಟ್ಟಲೆ ಬದಲಾಗಿರುವುದಿಲ್ಲ. ಬದಲಾದರೂ ಸಂತೆಯ ಅಗ್ಗದ ಮಾಲು ಬಂದಿರುತ್ತದೆ. ಎರಡನ್ನೂ ಕೆಡಿಸಿದ ಕಾರಣ ಒಂದೇ: ನೋಡಿಕೊಳ್ಳದಿರುವುದು.

ಅಣೆಕಟ್ಟಿನಲ್ಲಿ ಇದು ಹೇಗೆ ಕಾಣುತ್ತದೆ ಎಂಬುದಕ್ಕೆ ಸ್ಪೇನ್ ದೇಶದ ತೌಸ್ ಅಣೆಕಟ್ಟು ಉದಾಹರಣೆ. 1982ರ ಅಕ್ಟೋಬರ್ 20ರಂದು ವೆಲೆನ್ಸಿಯಾ ಪ್ರಾಂತದಲ್ಲಿ ಭೀಕರ ಮಳೆ. ಗೇಟ್ ತೆರೆಯಬೇಕಾಗಿತ್ತು. ಆದರೆ ಅದೇ ಮಳೆಯಿಂದ ಕರೆಂಟ್ ಹೋಗಿತ್ತು. ಎರಡು ಡೀಸೆಲ್ ಜನರೇಟರ್ ಇದ್ದವು. ಒಂದು ರಿಪೇರಿಯಲ್ಲಿತ್ತು, ಇನ್ನೊಂದು ಚಾಲೂ ಆಗಲಿಲ್ಲ. ಕೈಯಿಂದ ಎತ್ತುವ ಪ್ರಯತ್ನವೂ ಫಲಿಸಲಿಲ್ಲ. ನೀರು ಅಣೆಕಟ್ಟಿನ ನೆತ್ತಿ ದಾಟಿತು, ಕಲ್ಲು-ಮಣ್ಣಿನ ಅಣೆಕಟ್ಟು ಕೊಚ್ಚಿಹೋಯಿತು. ಕಾಗದದ ಮೇಲೆ ಅಲ್ಲಿ ಗೇಟ್ ತೆರೆಯಲು ಒಂದಲ್ಲ, ನಾಲ್ಕು ದಾರಿಗಳಿದ್ದವು.

ಪ್ರವಾಹ ತರುವ ಮಳೆಯೇ ಕರೆಂಟ್ ಕಂಬ ಬೀಳಿಸುತ್ತದೆ, ಮೊಬೈಲ್ ಟವರ್ ಕೆಡಿಸುತ್ತದೆ, ಅಣೆಕಟ್ಟಿಗೆ ಹೋಗುವ ರಸ್ತೆಯನ್ನೂ ಮುಳುಗಿಸುತ್ತದೆ. ಗೇಟ್ ಬೇಕಾಗುವ ದಿನವೇ ಅದನ್ನು ತೆರೆಯಲು ಬೇಕಾದ ಎಲ್ಲವೂ ಕೈಕೊಡುವ ಸಾಧ್ಯತೆ ಹೆಚ್ಚು.

ಈಗ '32 ಗೇಟ್ ಇವೆಯಲ್ಲ' ಎಂಬ ಸಂದೇಶವನ್ನು ಮತ್ತೊಮ್ಮೆ ಓದಿ. 33 ಗೇಟ್‌ಗಳೂ ಒಂದೇ ಅಣೆಕಟ್ಟಿನವು, ಒಂದೇ ವಿನ್ಯಾಸ, ಒಂದೇ ನೀರು, ಒಂದೇ ನಿರ್ವಹಣೆ. 19ನೆಯದನ್ನು ಸವೆಸಿದ್ದು 18ನೆಯದನ್ನೂ 20ನೆಯದನ್ನೂ ಸವೆಸುತ್ತಿರುತ್ತದೆ. ಎಲ್ಲ 33 ಗೇಟ್ ಬದಲಿಸಿ ಎಂಬ ಸಲಹೆ ಬಂದಿದ್ದು ಅತಿಯಾದ ಹೆದರಿಕೆಯಿಂದಲ್ಲ.

ಕೆಟ್ಟಿದ್ದೇ ಗೊತ್ತಾಗದಿದ್ದರೆ?

ಕಾರಿನ ಸ್ಟೆಪ್ನಿಯಲ್ಲಿ ಗಾಳಿ ಇಲ್ಲ ಎಂದು ಗೊತ್ತಾಗುವುದು ಯಾವಾಗ? ಪಂಕ್ಚರ್ ಆದಾಗ. ಬದಲಿ ವ್ಯವಸ್ಥೆಗಳ ಕಷ್ಟ ಇದು. ಬಳಸದೇ ಇರುವುದರಿಂದ ಕೆಟ್ಟರೂ ಸದ್ದು ಮಾಡುವುದಿಲ್ಲ.

ಒಂದು ಜನರೇಟರ್ ಸರಾಸರಿ 5 ವರ್ಷಕ್ಕೊಮ್ಮೆ ಕೆಡುತ್ತದೆ ಎನ್ನೋಣ. ವರ್ಷಕ್ಕೊಮ್ಮೆ ಮಾತ್ರ ಚಾಲೂ ಮಾಡಿ ನೋಡಿದರೆ, ಕೆಟ್ಟ ಮೇಲೆ ಸರಾಸರಿ ಆರು ತಿಂಗಳು ಯಾರಿಗೂ ಗೊತ್ತಿಲ್ಲದೆ ಅದು ಹಾಗೇ ಬಿದ್ದಿರುತ್ತದೆ. ಅಂದರೆ ಬೇಕಾದ ದಿನ ಅದು ಕೆಟ್ಟಿರುವ ಸಾಧ್ಯತೆ ನೂರಕ್ಕೆ ಸುಮಾರು 10. ಅದೇ ಯಂತ್ರವನ್ನು ತಿಂಗಳಿಗೊಮ್ಮೆ ಪರೀಕ್ಷಿಸಿದರೆ ಗುಪ್ತವಾಗಿ ಕೆಟ್ಟಿರುವ ಅವಧಿ ಸರಾಸರಿ 15 ದಿನ, ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಹೊಸ ಯಂತ್ರ ಕೊಂಡಿಲ್ಲ. ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡಿದ್ದಕ್ಕೇ ಅಪಾಯ ಹನ್ನೆರಡನೇ ಒಂದು ಭಾಗಕ್ಕೆ ಇಳಿಯಿತು.

ಚಲಿಸುವ ಭಾಗವೇ ಇಲ್ಲದಿದ್ದರೆ?

ಕೆಡದಂತೆ ಮಾಡುವ ಅತ್ಯುತ್ತಮ ದಾರಿ, ಕೆಡುವ ಭಾಗವನ್ನೇ ಇಡದಿರುವುದು. ನಮ್ಮ ಕೆರೆಗಳ ಕೋಡಿ ಇದಕ್ಕೆ ಹಳೆಯ ಉದಾಹರಣೆ. ಕೆರೆ ತುಂಬಿದರೆ ಕೋಡಿ ತಾನೇ ಹರಿಯುತ್ತದೆ. ಗೇಟ್ ಇಲ್ಲ, ಕರೆಂಟ್ ಬೇಕಿಲ್ಲ, ಯಾರೂ ರಾತ್ರಿ ಎದ್ದು ಓಡಬೇಕಿಲ್ಲ.

ಮಾಗಡಿಯ ಪಕ್ಕದ ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯ ಇದೇ ವಿಚಾರವನ್ನು ಮುಂದಕ್ಕೆ ಒಯ್ದಿದೆ. ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ ಅಯ್ಯರ್ ರೂಪಿಸಿದ ಸ್ವಯಂಚಾಲಿತ ಸೈಫನ್ ಅಲ್ಲಿದೆ. ನೀರು ನಿಗದಿತ ಮಟ್ಟ ಮುಟ್ಟಿದರೆ ಸೈಫನ್ ತಾನಾಗಿ ಎಳೆಯಲು ಶುರು ಮಾಡುತ್ತದೆ, ಮಟ್ಟ ಇಳಿದರೆ ತಾನಾಗಿ ನಿಲ್ಲುತ್ತದೆ. ತುಂಡಾಗಲು ಚೈನೇ ಇಲ್ಲ.

ಹಾಗಂತ ಇವು ಕೆಡುವುದೇ ಇಲ್ಲ ಎಂದಲ್ಲ. ಕೆಡುವ ಬಗೆ ಬೇರೆ. ಕೋಡಿಯಲ್ಲಿ ಗಿಡ ಬೆಳೆದರೆ, ಕಸ ತುಂಬಿದರೆ, ರಾಜಕಾಲುವೆ ಒತ್ತುವರಿಯಾದರೆ ನೀರಿಗೆ ದಾರಿ ಸಿಗುವುದಿಲ್ಲ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಕ್ಷಿಕೆರೆ ಉಕ್ಕಿ ಹರಿದಿದ್ದು, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬಸ್ಸು, ಕಾರುಗಳು ನೀರಿನಲ್ಲಿ ಸಿಕ್ಕಿಕೊಂಡಿದ್ದು ನೆನಪಿರಬಹುದು. ದೊಡ್ಡ ಅಣೆಕಟ್ಟಿನ ಗೇಟ್ ಬಗ್ಗೆ ಫಾರ್ವರ್ಡ್ ಮಾಡುವ ನಾವು, ನಮ್ಮೂರ ಕೆರೆಯ ಕೋಡಿ ಹೇಗಿದೆ ಎಂದು ನೋಡುವುದು ಕಡಿಮೆ.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಇದರ ಅರ್ಥವೇನು?

ಅರ್ಕಾವತಿಯನ್ನು ನೆನೆಸಿಕೊಳ್ಳಿ. ಮಾಗಡಿ ತಾಲ್ಲೂಕಿನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ, ಅದರ ಕೆಳಗೆ ಮಂಚನಬೆಲೆ, ಅದರ ಕೆಳಗೆ ನದಿ ದಂಡೆಯಲ್ಲೇ ರಾಮನಗರ ಪಟ್ಟಣ, ಮುಂದೆ ಕನಕಪುರ, ಹಾರೋಬೆಲೆ, ಕೊನೆಗೆ ಸಂಗಮದಲ್ಲಿ ಕಾವೇರಿ. ಇತ್ತ ಚನ್ನಪಟ್ಟಣ ತಾಲ್ಲೂಕಿನಲ್ಲಿ ಕಣ್ವ ಜಲಾಶಯ ಮತ್ತು ಶಿಂಷಾ ನದಿಗೆ ಇಗ್ಗಲೂರು ಬ್ಯಾರೇಜ್. ಮಾರ್ಕೋನಹಳ್ಳಿಯಿಂದ ಬಿಟ್ಟ ನೀರು ಇಗ್ಗಲೂರಿಗೇ ಬರಬೇಕು.

ಇವು ಸರಪಳಿಯ ಕೊಂಡಿಗಳ ಹಾಗೆ. ಮೇಲಿನ ಜಲಾಶಯದಲ್ಲಿ ಗೇಟ್ ತೆರೆದರೆ ಕೆಳಗಿನದಕ್ಕೆ ಅದು ಪ್ರವಾಹ. ಆದ್ದರಿಂದ ಕೆಡುಕಿನ ಮರವನ್ನು ಒಂದೊಂದು ಅಣೆಕಟ್ಟಿಗೆ ಬೇರೆ ಬೇರೆ ಬರೆದರೆ ಸಾಲದು, ಇಡೀ ನದಿಗೆ ಬರೆಯಬೇಕು. ಮೇಲಿನವರು ಕೆಳಗಿನವರಿಗೆ ಹೇಳಿದರೇ ಎಂಬ ಒಂದು ಫೋನ್ ಕರೆ ಕೂಡ ಆ ಮರದ ಕೊಂಬೆಯೇ.

ಇನ್ನೊಂದು ಮಾತು. ಜಲಾಶಯ ಚಿಕ್ಕದಾದರೆ ಅಪಾಯ ಚಿಕ್ಕದು ಎಂದುಕೊಳ್ಳುತ್ತೇವೆ. ನೀರಿನ ಪ್ರಮಾಣ ಕಡಿಮೆ ನಿಜ. ಆದರೆ ಚಿಕ್ಕ ಜಲಾಶಯ ಬೇಗ ತುಂಬುತ್ತದೆ. ದೊಡ್ಡದರಲ್ಲಿ ಯೋಚಿಸಲು ದಿನಗಳಿದ್ದರೆ ಇಲ್ಲಿ ಇರುವುದು ಗಂಟೆಗಳು. ಗೇಟ್ ಮೊದಲ ಯತ್ನದಲ್ಲೇ ಏಳಬೇಕು.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮಳೆಗಾಲಕ್ಕೆ ಮೊದಲು ಮತ್ತು ನಂತರ ತಪಾಸಣೆ ಮಾಡಬೇಕು, ತುರ್ತು ಕಾರ್ಯಯೋಜನೆ ಇರಬೇಕು ಎನ್ನುತ್ತದೆ. ಗ್ರಾಮಸಭೆಯಲ್ಲಿ, ಜನಸ್ಪಂದನದಲ್ಲಿ ಕೇಳಲು ಸರಳ ಪ್ರಶ್ನೆಗಳಿವೆ:

- ಈ ವರ್ಷ ಮಳೆಗೆ ಮೊದಲು ಪ್ರತಿ ಗೇಟನ್ನೂ ಎತ್ತಿ ಇಳಿಸಿ ನೋಡಿದ್ದೀರಾ?
- ಜನರೇಟರನ್ನು ಕೊನೆಯ ಸಲ ಚಾಲೂ ಮಾಡಿದ್ದು ಯಾವಾಗ?
- ಸ್ಟಾಪ್‌ಲಾಗ್ ಸಿದ್ಧವಿದೆಯೇ, ಎಲ್ಲಿದೆ?
- ರಾತ್ರಿ ಎರಡು ಗಂಟೆಗೆ ಕರೆಂಟೂ ಮೊಬೈಲೂ ಇಲ್ಲದಿದ್ದರೆ ನಮ್ಮ ಊರಿಗೆ ಸುದ್ದಿ ಹೇಗೆ ಮುಟ್ಟುತ್ತದೆ?

ಕೊನೆಯ ಪ್ರಶ್ನೆಗೆ 'ವಾಟ್ಸ್‌ಆ್ಯಪ್‌ನಲ್ಲಿ ಹಾಕುತ್ತೇವೆ' ಎಂಬ ಉತ್ತರ ಬಂದರೆ, ಸಮಾನ ಕಾರಣದ ವೈಫಲ್ಯ ಎಂದರೇನು ಎಂದು ನೀವೇ ವಿವರಿಸಿ ಹೇಳಬಹುದು.

ಸಂದೇಶ ಬಂದಾಗ ಏನು ಮಾಡಬೇಕು?

- ಊರು, ದಿನಾಂಕ ನೋಡಿ. ಅಣೆಕಟ್ಟಿನ ಹೆಸರು, ದಿನ, ಸಮಯ ಇಲ್ಲದ ವಿಡಿಯೊ ಯಾವ ವರ್ಷದ್ದೂ, ಯಾವ ದೇಶದ್ದೂ ಆಗಿರಬಹುದು.
- ಪದ ನೋಡಿ. 'ಗೇಟ್ ತೆರೆದಿದ್ದಾರೆ', 'ಗೇಟ್ ಕೆಟ್ಟಿದೆ', 'ಅಣೆಕಟ್ಟು ಒಡೆದಿದೆ' ಮೂರೂ ಬೇರೆ. ಮಳೆಗಾಲದಲ್ಲಿ ಗೇಟ್ ತೆರೆಯುವುದು ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿರುವುದರ ಗುರುತು.
- ಸಂಖ್ಯೆ ನೋಡಿ. ಎಷ್ಟು ಕ್ಯೂಸೆಕ್ ಎಂದು ಹೇಳದೆ 'ಭಾರೀ ನೀರು' ಎಂದರೆ ಮಾಹಿತಿ ಇಲ್ಲ ಎಂದೇ ಅರ್ಥ.
- ಕೇಳಿ. ಜಿಲ್ಲಾ ತುರ್ತು ಸಹಾಯವಾಣಿ 1077ಕ್ಕೆ ಅಥವಾ 112ಕ್ಕೆ ಕರೆ ಮಾಡಿ, ಇಲ್ಲವೇ ತಹಶೀಲ್ದಾರ್ ಕಚೇರಿ, ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ.
- ಕಾಯಬೇಡಿ. ಅಧಿಕೃತ ಎಚ್ಚರಿಕೆ ಬಂದಿದ್ದರೆ, ಅಥವಾ ಹೊಳೆ ನೀರು ಕಣ್ಣೆದುರೇ ಏರುತ್ತಿದ್ದರೆ ದೃಢೀಕರಣಕ್ಕೆ ಕೂರಬೇಡಿ. ದನಕರು ಬಿಚ್ಚಿ, ಎತ್ತರದ ಜಾಗಕ್ಕೆ ಹೋಗಿ. ಹರಿಯುವ ನೀರಿನಲ್ಲಿ ಬೈಕ್, ಕಾರು ಇಳಿಸಬೇಡಿ.

ಸುಳ್ಳು ಎಚ್ಚರಿಕೆಯ ಒಂದು ಹಾನಿ ಬೇಗ ಕಣ್ಣಿಗೆ ಬೀಳುವುದಿಲ್ಲ. ಮೂರು ಸಲ 'ಡ್ಯಾಂ ಒಡೆಯಿತು' ಎಂದು ಓಡಿದವರು ನಾಲ್ಕನೇ ಸಲ ನಿಜವಾದ ಎಚ್ಚರಿಕೆ ಬಂದಾಗ ಏಳುವುದಿಲ್ಲ. ಜನರಿಗೆ ಸುದ್ದಿ ಮುಟ್ಟಿಸುವ ದಾರಿಯೂ ಅಣೆಕಟ್ಟಿನ ಸುರಕ್ಷತೆಯ ಒಂದು ಭಾಗ. ಚೈನಿನ ಹಾಗೆ ಅದೂ ಸವೆಯುತ್ತದೆ. ಖಚಿತಪಡಿಸಿಕೊಳ್ಳದೆ ಒತ್ತಿದ ಪ್ರತಿ ಫಾರ್ವರ್ಡ್ ಅದನ್ನು ಇನ್ನಷ್ಟು ಸವೆಸುತ್ತದೆ.